ಪೂತನಿಯ ಮಡಿಲು

"ನಿಮ್ಮ ಪೂತನಿನೇ ನಮ್ಮ ಕೂಸಿನ ಮೈಮೇಲೆ ಬಂದವಳೆ ಕಣ್ರವ್ವಾ" ಅಂತ ಯಡಿಯೂರಿನ ಮುನಿವೆಂಕಟಮ್ಮ ಬಾಗಿಲಲ್ಲೇ ನಿಂತು ಹೇಳಿದಾಗ ಸತ್ಯಭಾಮಾ ಕೈಯಲ್ಲಿದ್ದ ಗೆಜ್ಜೆ ಕೆಳಗಿಟ್ಟು ಎದ್ದು ಬಂದಳು.

ಎಂಬತ್ತೆರಡನೇ ಇಸವಿ. ಮೊನ್ನೆ ತಾನೇ ಜಯನಗರದ ಶಿಶುವಿಹಾರದಲ್ಲಿ ಅವಳ ನೃತ್ಯವಿತ್ತು. ನೃತ್ಯ ಅಂದರೆ ಕೈಕಟ್ಟಿ ಕೂತು ನೋಡುವಂಥದ್ದಲ್ಲ. ಎರಡು ಮೂರು ವರ್ಷದ ಚಿಳ್ಳೆಪಿಳ್ಳೆಗಳೇ ಹಸು, ಅವೇ ಯಮುನೆ, ಅವೇ ಕೃಷ್ಣ. ರಂಗಪ್ರವೇಶ ಮಾಡಿ ಹತ್ತು ವರ್ಷವಾದವಳು ಶಿಶುವಿಹಾರ ಸುತ್ತುತ್ತಾಳಲ್ಲ ಅಂತ ಗುರುಗಳು ಮೂಗು ಮುರಿದಿದ್ದರು. ಮುರಿಯಲಿ ಬಿಡಿ, ಅವಳಿಗೆ ಇದೇ ಹುಚ್ಚು. ವಿಷದ ಹಾಲೂಡಿಸುವ ರಕ್ಕಸಿಯಾಗಿ, ಮುನಿವೆಂಕಟಮ್ಮನ ಮೊಮ್ಮಗಳು ರತ್ನಿಯನ್ನು ಮಡಿಲಿಗೆ ಹಾಕಿಕೊಂಡು, ನೀನೇ ಕೃಷ್ಣ, ಕುಡಿ ಅಂದಿದ್ದಳು. ಮಗು ಸೆರಗಿಗೆ ಬಾಯಿಟ್ಟಿತು. ಪೂತನಿ ಕಣ್ಣು ಮೇಲೆ ಮಾಡಿ, ನಾಲಿಗೆ ಚಾಚಿ, ದೊಪ್ಪನೆ ಬಿದ್ದು ಸತ್ತಳು. ಮಕ್ಕಳೆಲ್ಲ ಕೇಕೆ ಹಾಕಿದವು. ರತ್ನಿ ನಕ್ಕಳೋ ಇಲ್ಲವೋ, ಸತ್ತು ಬಿದ್ದವಳಿಗೆ ಹೇಗೆ ಗೊತ್ತಾಗಬೇಕು?

ಎರಡೂವರೆ ವರ್ಷವಾದರೂ ಮೊಲೆ ಬಿಡದ ಮಗು ಅವತ್ತಿನಿಂದ ತಾಯಿಯನ್ನು ಹತ್ತಿರ ಸೇರಿಸಿಲ್ಲ. ಲೋಟದ ಹಾಲೂ ಬೇಡ, ಗಂಜಿಯೂ ಬೇಡ, ಬಾಯಿ ಬಿಗಿಹಿಡಿದು ಒದೆಯುತ್ತದೆ. ಸಂಜೆಯೊಳಗೆ ಏನೂ ಕುಡಿಯದಿದ್ದರೆ ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕಬೇಕು ಅಂದಿದ್ದರಂತೆ ಡಾಕ್ಟರು. ಮುದುಕಿಯ ಹಿಂದೆ ಓಡೋಡಿ ನಡೆಯುವಾಗ ಸತ್ಯಭಾಮಾಳಿಗೆ ಒಂದೇ ದಿಗಿಲು. ಹಾಲಲ್ಲಿ ವಿಷ ಅಂತ ಕಲಿಸಿಬಿಟ್ಟೆನಲ್ಲ, ಈ ಕೂಸಿಗೇನಾದರೂ ಆದರೆ ಏನು ಗತಿ?

ಮನೆಯಲ್ಲಿ ಮಗುವಿನ ತಾಯಿ ಸೊಣ್ಣಮ್ಮ ಎದೆಯಲ್ಲಿ ಹಾಲು ಕಟ್ಟಿ, ಜ್ವರದಲ್ಲಿ ಗೋಡೆಗೊರಗಿದ್ದಳು. ರತ್ನಿ ಮೂಲೆಯಲ್ಲಿತ್ತು, ತುಟಿ ಒಣಗಿ ಬಿರಿದಿತ್ತು. ಬಣ್ಣವಿಲ್ಲದ ಸತ್ಯಭಾಮಾಳ ಗುರುತೇ ಅದಕ್ಕೆ ಹತ್ತಲಿಲ್ಲ. ಅವಳು ಮೆಲ್ಲಗೆ ಪಕ್ಕದಲ್ಲಿ ಕೂತು, ಅಮ್ಮನ ಹಾಲಲ್ಲಿ ವಿಷ ಇಲ್ಲ ಅಂತ ಏನೇನೋ ಸಮಾಧಾನ ಹೇಳಿದಳು. ಕೊನೆಗೆ, ಮತ್ಯಾಕೆ ಕುಡಿಯಲ್ಲ ಅಂತ ಕೇಳಿದಳು.

"ಕುಡಿದ್ರೆ ಅಮ್ಮ ಸತ್ತೋಗ್ತಾಳೆ."

ಸತ್ಯಭಾಮಾಳಿಗೆ ಆಗ ಅರ್ಥವಾಯಿತು. ಅಯ್ಯೋ ದೇವರೇ, ಇದು ಎರಡು ದಿನದಿಂದ ತಾನು ಒಬ್ಬಳನ್ನು ಕೊಂದೆ ಅಂದುಕೊಂಡು ಕೂತಿದೆಯಲ್ಲ.

ಅವಳು ಕಾಡಿಗೆ ಡಬ್ಬಿ ಕೇಳಿದಳು. ಮತ್ತೆ ಆ ಮುಖ ಬೇಡವೇ ಬೇಡ ಅಂತ ಮುದುಕಿ ಅಡ್ಡ ನಿಂತರೂ ಸೊಣ್ಣಮ್ಮ ಡಬ್ಬಿಯನ್ನು ಅವಳ ಕಡೆ ತಳ್ಳಿದಳು. ಬೆರಳಲ್ಲಿ ಹುಬ್ಬು ತೀಡಿ, ಕಣ್ಣ ಸುತ್ತ ಬಳಿದುಕೊಂಡಾಗ ಮಗು ಕಿಟಾರನೆ ಕಿರುಚಿ ಗೋಡೆಗಂಟಿಕೊಂಡಿತು. ಇದೂ ತಪ್ಪಾದರೆ ಮುಂದೆ ದಾರಿಯೇ ಇಲ್ಲ ಅಂತ ಅವಳಿಗೆ ಗೊತ್ತಿತ್ತು.

"ನಾನು ಸತ್ತಿಲ್ಲ ಪುಟ್ಟಾ. ಆಟಕ್ಕೆ ಬಿದ್ದಿದ್ದು ಅಷ್ಟೆ. ಮುಟ್ಟಿ ನೋಡು."

ಬಹಳ ಹೊತ್ತಾದ ಮೇಲೆ ಮಗು ಬಂದು ಅವಳ ಮೂಗು ಹಿಡಿಯಿತು. ಕೆನ್ನೆಯನ್ನು ನೋಯುವಂತೆ ಚಿವುಟಿತು. ಅವಳು ಹಾ ಅಂದಳು. ಮಗು ಅವಳ ಮೇಲಿನ ಕಣ್ಣು ತೆಗೆಯದೆ ಹಿಂದೆ ಹಿಂದೆ ಸರಿಯುತ್ತ ಹೋಗಿ ತಾಯಿಯ ಮಡಿಲು ಸೇರಿತು.

ಎರಡು ಗುಟುಕು ಕುಡಿದು ಬಾಯಿ ಬಿಟ್ಟು, ತಲೆಯೆತ್ತಿ ತಾಯಿಯ ಮುಖ ನೋಡಿತು. ಸೊಣ್ಣಮ್ಮ ಕಣ್ಣು ಮಿಟುಕಿಸಲೂ ಹೆದರಿ ಹಾಗೇ ಕೂತಿದ್ದಳು.