ನಡುಬೆರಳಿನ ನಾಡಿ

ಅಪ್ಪನ ಔಷಧಾಲಯದಲ್ಲಿ ತೈಲ ಕಾಯಿಸಿ, ಕಷಾಯ ಸೋಸಿ ನನ್ನ ಅಂಗೈ ಕಪ್ಪಾಗಿದೆ. ಅಣ್ಣನ ಹೆಂಡತಿ ಬಂದದ್ದು ಮೊನ್ನೆ ಮೊನ್ನೆ. ನನ್ನದೂ ಅವಳದೂ ಒಂದೇ ಆಯುರ್ವೇದದ ಓದು. ಅತ್ತಿಗೆಯಲ್ಲಿ ಅಂಥ ವಿಶೇಷವೇನಿದೆಯೋ ನಾನಂತೂ ಕಾಣೆ, ಆದರೆ ರೋಗಿಗಳೆಲ್ಲ ‘ಸೊಸೆ ಇಲ್ವಾ?’ ಎಂದೇ ಒಳಗೆ ಬರುತ್ತಾರೆ. ಬಾಗಿಲಲ್ಲೇ ನಿಂತ ನಾನು ಅವರ ಕಣ್ಣಿಗೆ ಕಂಬ.

ಅಪ್ಪನಿಗೆ ಬೆನ್ನುನೋವು ಹೆಚ್ಚಾಯಿತು. ಇನ್ನು ದಿನವಿಡೀ ಕೂರಲಾರೆ, ನಾಡಿ ನೋಡುವ ಕುರ್ಚಿ ನಿಮ್ಮಿಬ್ಬರಲ್ಲಿ ಒಬ್ಬರಿಗೆ ಎಂದರು. ಆ ಕುರ್ಚಿ ನನ್ನದೆಂದು ಚಿಕ್ಕಂದಿನಿಂದ ನಂಬಿದವಳು ನಾನು. ಒಬ್ಬರ ನಾಡಿ ಒಬ್ಬರು ನೋಡಿ ಹೇಳಿ, ಆಮೇಲೆ ನಾನು ನೋಡುತ್ತೇನೆ ಎಂದು ಪರೀಕ್ಷೆ ಇಟ್ಟರು.

ಮೊದಲು ನನ್ನ ಸರದಿ. ಅತ್ತಿಗೆಯ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟೆ. ತೋರುಬೆರಳಿಗೆ ವಾತ, ನಡುಬೆರಳಿಗೆ ಪಿತ್ತ, ಉಂಗುರದ ಬೆರಳಿಗೆ ಕಫ. ಒಂದು ಕಲೆಯೂ ಇಲ್ಲದ ಆ ಕೈ ನೋಡಿಯೇ ಮೈ ಉರಿಯಿತು, ಗಟ್ಟಿಯಾಗಿ ಒತ್ತಿದೆ. ನಡುಬೆರಳಿನ ಕೆಳಗೆ ನಾಡಿ ಕಪ್ಪೆಯಂತೆ ಕುಪ್ಪಳಿಸಿತು. ನನಗೋ ಹಾಲು ಕುಡಿದಷ್ಟು ಸಂತೋಷ. ಪಿತ್ತ ಕೆರಳಿದೆ, ಹುಳಿ ಖಾರ ಬಿಡಿಸಬೇಕು, ಇಷ್ಟು ಉರಿ ಇಟ್ಟುಕೊಂಡವರನ್ನು ರೋಗಿಗಳ ಮುಂದೆ ಕೂರಿಸುವುದೇ ತಪ್ಪು ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ.

ಅತ್ತಿಗೆ ನನ್ನ ಕೈ ಹಿಡಿದು ನಾಡಿ ನೋಡಿದಳು. ನಿದ್ದೆ ಸ್ವಲ್ಪ ಕಡಿಮೆಯಾಗಿದೆ, ಅಷ್ಟೇ ಎಂದಳು.

ಅಪ್ಪ ಇಬ್ಬರ ನಾಡಿಯನ್ನೂ ನೋಡಿದರು. ಅವಳ ಕೈ ಬಿಟ್ಟರು, ನನ್ನದನ್ನು ಬಿಡಲಿಲ್ಲ.

“ಅವಳ ನಾಡಿ ತಣ್ಣಗೆ ನಡೀತಿದೆ ಮಗಳೇ. ಹಾಗೆ ಒತ್ತಿದ್ರೆ ಅವಳದು ಅಡಗಿಹೋಗುತ್ತೆ, ನಿನ್ನ ಬೆರಳಿನ ಬಡಿತಾನೇ ನಿನಗೆ ಸಿಗುತ್ತೆ. ನೀನು ಹೇಳಿದ್ದೆಲ್ಲ ನಿನ್ನ ಪಿತ್ತದ ವಿಷಯ.”

ಮೊದಲ ಪಾಠದಲ್ಲೇ ತಿದ್ದುವ ತಪ್ಪು ಅದು. ನೆಲ ಬಾಯಿಬಿಟ್ಟಿದ್ದರೆ ಇಳಿದುಹೋಗುತ್ತಿದ್ದೆ. ಕುರ್ಚಿ ಅತ್ತಿಗೆಗೆ ಹೋಯಿತು. ಅದಕ್ಕಿಂತ ಹೆಚ್ಚು ಚುಚ್ಚಿದ್ದು, ನನ್ನ ಮಾನ ಉಳಿಸಲು ಅವಳು ಹೇಳಿದ ನಿದ್ದೆಯ ಸುಳ್ಳು. ಒಳ್ಳೆಯತನದಲ್ಲೂ ಇವಳೇ ಗೆಲ್ಲಬೇಕೇ?

ಕೆಲವೇ ದಿನಗಳಲ್ಲಿ ಎದೆಯುರಿ ಹತ್ತಿ ಊಟ ಸೇರದಾಯಿತು. ಅಪ್ಪನ ಬಳಿ ಹೋದರೆ ಅವರು ಕುರ್ಚಿಯತ್ತ ಕೈ ತೋರಿಸಿದರು. ಬೇರೆ ದಾರಿಯಿಲ್ಲದೆ ರೋಗಿಗಳ ಸ್ಟೂಲಿನ ಮೇಲೆ ಕೂತು ಕೈ ಚಾಚಿದೆ. ಅತ್ತಿಗೆಯ ಬೆರಳು ಮುಟ್ಟಿದ್ದೇ ತಿಳಿಯದಷ್ಟು ಹಗುರ. ಅದನ್ನೂ ನನ್ನಿಂದ ಸಹಿಸಲಾಗಲಿಲ್ಲ.

“ಉರಿ ಯಾವಾಗಿಂದ?” ಎಂದು ಕೇಳಿದಳು.

ಎಲ್ಲ ರೋಗಿಗಳನ್ನೂ ಕೇಳುವ ಪ್ರಶ್ನೆ. ವೈದ್ಯರ ಮುಂದೆ ಸುಳ್ಳು ಹೇಳಿದರೆ ಔಷಧಿ ನಾಟುವುದಿಲ್ಲ ಎಂದು ನಾನೇ ಎಷ್ಟೋ ರೋಗಿಗಳನ್ನು ಗದರಿದ್ದೇನೆ.

“ನೀವು ಈ ಮನೆಗೆ ಬಂದಾಗಿಂದ,” ಎಂದೆ.

ಅವಳು ಬೆರಳು ತೆಗೆಯಲಿಲ್ಲ.

“ಗೊತ್ತು. ಪರೀಕ್ಷೆ ದಿನಾನೇ ನಾಡೀಲಿ ಸಿಕ್ಕಿತ್ತು.”