ಬಾನೆಟ್ಟಿನ ಆಚೆ ಕಡೆ

ಆ ಲಾರಿಗೆ ಮೂಗೇ ಇರಲಿಲ್ಲ. ಗೋಡೆಗೆ ಡಿಕ್ಕಿ ಹೊಡೆದು ಬಂದವರ ಹಾಗೆ ಚಪ್ಪಟೆ ಮುಖ. ಬೇರೆ ಲಾರಿಗಳಲ್ಲಿ ಮುಂದಕ್ಕೆ ಚಾಚಿಕೊಂಡಿರುವ ಇಂಜಿನ್ನು ಇದರಲ್ಲಿ ಕ್ಯಾಬಿನ್ನಿನ ಒಳಗೇ ಇತ್ತು. ಡ್ರೈವರನ ಸೀಟಿಗೂ ಕ್ಲೀನರನ ಸೀಟಿಗೂ ನಡುವೆ, ಬೋರಲು ಹಾಕಿದ ತೊಟ್ಟಿಯಂಥ ತಗಡಿನ ಬಾನೆಟ್ಟಿನ ಕೆಳಗೆ. ಮನೆಯವರೆಲ್ಲ ಅದನ್ನು ಮೊಂಡಮೂಗಿ ಎಂದೇ ಕರೆಯುತ್ತಿದ್ದರು. ಗ್ಯಾರೇಜಿನ ಹಿಂದಿನ ಶೆಡ್ಡಿನಲ್ಲಿ ಹರಕು ಟಾರ್ಪಾಲು ಹೊದ್ದು, ಟೈರುಗಳೆಲ್ಲ ಕುಸಿದು, ಎಷ್ಟೋ ವರ್ಷದಿಂದ ಅದು ನಿಂತೇ ಇತ್ತು. ಒಂದು ಕಾಲಕ್ಕೆ ಅದನ್ನು ಓಡಿಸುತ್ತಿದ್ದ ಮುದಿ ಡ್ರೈವರ್ ದಿನಾ ಗ್ಯಾರೇಜಿಗೆ ಬಂದರೂ ಸ್ಟೂಲನ್ನು ಶೆಡ್ಡಿಗೆ ಬೆನ್ನು ಮಾಡಿಯೇ ಹಾಕಿಕೊಳ್ಳುತ್ತಿದ್ದ.

ಒಂದು ಬೆಳಿಗ್ಗೆ ಅವನ ತಮ್ಮನ ಮಗ, ಗ್ಯಾರೇಜಿನ ಯಜಮಾನ, ಕೈಯ ಗ್ರೀಸು ಒರೆಸಿಕೊಳ್ಳುತ್ತ ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತ.

"ದೊಡ್ಡಪ್ಪ, ಮೊಂಡಮೂಗೀನ ಎಬ್ಬಿಸೋಣ."

"ಮಲಗಿರೋರನ್ನ ಎಬ್ಬಿಸಬಹುದು. ಅದು ಸತ್ತಿದೆ ಕಣೋ."

"ಅಮ್ಮನ ಆಸೆ. ಅಪ್ಪ ಕೂರ್ತಿದ್ದ ಸೀಟಲ್ಲಿ ಕೂತು ಒಂದು ಸುತ್ತು ಹೋಗ್ಬೇಕಂತೆ. ನೀವೇ ಓಡಿಸ್ಬೇಕಂತೆ."

ಮುದುಕ ಕೈಯಲ್ಲಿದ್ದ ಚಹಾ ಲೋಟವನ್ನು ಕೆಳಗಿಟ್ಟ. ಗ್ಯಾರೇಜಿನ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷಿನ್ ಕಟಕಟ ಎನ್ನುತ್ತಿತ್ತು. ತಮ್ಮನ ಹೆಂಡತಿ ಅಲ್ಲಿ ಕೂತು ವಾಹನಗಳ ಸೀಟಿಗೆ ಹೊದಿಕೆ ಹೊಲಿಯುತ್ತಿದ್ದಳು. ಗಂಡ ಹೋದಾಗಿನಿಂದ ಅವಳ ಬದುಕು ಆ ಮಿಷಿನ್ನಿನ ಮೇಲೇ ಸಾಗಿತ್ತು. ಮಿಷಿನ್ನಿನ ಮೇಲೆ ಮತ್ತು ಒಂದು ಮಾತಿನ ಮೇಲೆ.

ಆ ಮಾತು ತಂದು ಹೇಳಿದವನು ಮುದುಕನೇ. ತಮ್ಮ ಅವನ ಲಾರಿಗೆ ಕ್ಲೀನರ್. ಒಂದು ದಿನ ಮೈ ಸುಡುವ ಜ್ವರದಲ್ಲೇ ಲೋಡಿಗೆ ಹೊರಟಿದ್ದ. ಹೆಂಡತಿ ಬೇಡವೆಂದು ಜಗಳವಾಡಿ, ಕೊನೆಗೆ ಮುಖ ತಿರುಗಿಸಿಕೊಂಡು ಬಾಗಿಲಿಗೂ ಬರದೆ ಒಳಗೇ ಕೂತಿದ್ದಳು. ಅರ್ಧ ದಾರಿಯಲ್ಲಿ ಜ್ವರ ಏರಿತು. ಅಣ್ಣ ಲಾರಿಯನ್ನು ಆಸ್ಪತ್ರೆಯ ಕಡೆಗೆ ತಿರುಗಿಸಿದ. ಸೇತುವೆ ದಾಟಿದ ಮೇಲೆ, "ನಿಲ್ಲಿಸ್ಲೇನೋ?" ಎಂದು ಕೈ ಸನ್ನೆ ಮಾಡಿ ಕೇಳಿದ್ದಕ್ಕೆ ತಮ್ಮ ಬಾಗಿಲ ತಗಡಿಗೆ ಉಂಗುರದ ಕೈಯಿಂದ ಬಡಿದ. ಅವರ ಕಟ್ಟಳೆ ಅದು: ಒಂದೇಟು ಬಿದ್ದರೆ ನಿಲ್ಲು, ಎರಡೇಟು ಬಿದ್ದರೆ ಹೋಗು. ಬಿದ್ದದ್ದು ಎರಡು. ಅಣ್ಣ ಹೋದ. ಕೇಳಿಸಲಿ ಬಿಡಲಿ, ತಮ್ಮನಿಗೆ ನಿದ್ದೆ ಹತ್ತದಿರಲಿ ಎಂದು ದಾರಿಯುದ್ದಕ್ಕೂ ಗಂಟಲು ಹರಿದುಕೊಂಡು ಮಾತಾಡಿದ. ಲಾರಿಗಳನ್ನು ತೂಗುವ ತೂಕದ ಕಟ್ಟೆಯವನು ತನ್ನ ಧಡೂತಿ ಮಾವನನ್ನೂ ಲಾರಿಯ ಜೊತೆ ತೂಗಿಬಿಟ್ಟ ಕತೆ ಹೇಳುತ್ತಿದ್ದ. ಅದು ಅರ್ಧಕ್ಕೆ ಬರುವಷ್ಟರಲ್ಲಿ ಆಸ್ಪತ್ರೆಯ ಗೇಟು ಬಂತು. ಇಳಿದು ಹೋಗಿ ಎಡಗಡೆಯ ಬಾಗಿಲು ತೆಗೆದರೆ ತಮ್ಮನ ಕೈ ತಣ್ಣಗಿತ್ತು.

ಎಲ್ಲಿಂದ ಎಲ್ಲಿಯವರೆಗೆ ತಾನು ಸತ್ತವನ ಜೊತೆ ಮಾತಾಡಿದೆ? ಕತೆಯ ಮಾವ ತಕ್ಕಡಿ ಹತ್ತುವಾಗ ತಮ್ಮ ಜೀವದಿಂದಿದ್ದನೇ? ಇದು ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಹೆಣ ಮನೆಗೆ ಬಂದಾಗ ತಮ್ಮನ ಹೆಂಡತಿ ಅತ್ತಿರಲಿಲ್ಲ. ಬಾವನ ಅಂಗಿ ಹಿಡಿದು ಕೇಳಿದ್ದು ಒಂದೇ: "ಕೊನೇಲಿ ಅವರು ಏನಾದ್ರೂ ಹೇಳಿದ್ರಾ ಬಾವ?" ಆ ಕಣ್ಣಿಗೆ ಇಲ್ಲ ಎನ್ನಲಾಗದೆ ಬಾಯಿಗೆ ಬಂದದ್ದನ್ನು ಅಂದುಬಿಟ್ಟಿದ್ದ. "ಅವಳ ಮೇಲೆ ನಂಗೆ ಸಿಟ್ಟಿಲ್ಲ ಅಂತ ಹೇಳು ಅಂದ ಕಣಮ್ಮ."

ಅವಳು ಮೊಂಡಮೂಗಿಯನ್ನು ಒಂದು ಸಲವೂ ಹತ್ತಿದವಳಲ್ಲ. ಮಕ್ಕಳು ಮಲಗಿರುತ್ತವೆಂದು ಅಣ್ಣತಮ್ಮಂದಿರು ಬೀದಿಯ ಬಾಯಲ್ಲೇ ಇಂಜಿನ್ ಆರಿಸಿ, ಇಳಿಜಾರಿನಲ್ಲಿ ಸದ್ದಿಲ್ಲದೆ ಉರುಳಿಸಿಕೊಂಡು ಮನೆಗೆ ಬರುತ್ತಿದ್ದರು. ಆ ಇಂಜಿನ್ನು ಓಡುವಾಗ ಆಚೆ ಸೀಟಿನವನ ಕಿರುಚಾಟವೂ ಈಚೆ ಕೇಳಿಸದು, ಇನ್ನು ಜ್ವರದವನ ಪಿಸುಮಾತು ಎಲ್ಲಿ ಕೇಳಿಸೀತು ಎಂಬುದು ಆ ಕ್ಯಾಬಿನ್ನಿನಲ್ಲಿ ಕೂತವರಿಗೆ ಮಾತ್ರ ಗೊತ್ತಿರುವ ಸಂಗತಿ. ಈಗ ಅವಳು ಕೂರುತ್ತೇನೆ ಅನ್ನುತ್ತಿದ್ದಳು.

ಬೇಡ ಎನ್ನಬಹುದಿತ್ತು. ಆದರೆ ಟಾರ್ಪಾಲು ಸರಿದ ದಿನ ಮುದುಕನ ಕೈಗಳು ಅವನ ಮಾತು ಕೇಳಲಿಲ್ಲ. ಬರೀ ನೋಡಿಬರುತ್ತೇನೆಂದು ಹೋದವನು ಸಂಜೆಯ ಹೊತ್ತಿಗೆ ಮೊಣಕೈವರೆಗೂ ಎಣ್ಣೆಯಾಗಿದ್ದ. ತುಕ್ಕು ಹಿಡಿದು ಕಚ್ಚಿಕೊಂಡಿದ್ದ ಪಿಸ್ಟನ್ನುಗಳ ತಲೆಗೆ ಡೀಸೆಲ್ ಸುರಿದು ನೆನೆಯಲು ಬಿಟ್ಟರು. ಇಲಿ ಕಡಿದ ವೈರುಗಳನ್ನು ಕಿತ್ತರು. ಬ್ರೇಕಿನ ರಬ್ಬರು ಬೆಲ್ಲದ ಪಾಕದಂತೆ ಕರಗಿಹೋಗಿತ್ತು.

"ಏನ್ ದೊಡ್ಡಪ್ಪ, ಸತ್ತಿದೆ ಅಂದ್ರಿ, ಈಗ ಮದುಮಗಳ ಹಾಗೆ ಸಿಂಗಾರ ಮಾಡ್ತಿದ್ದೀರಿ?"

"ಬಾಯಿ ಮುಚ್ಕೊಂಡು ಆ ಸ್ಪ್ಯಾನರ್ ಕೊಡೋ, ತಲೆಹರಟೆ."

ಹುಡುಗಾಟದ ಮಾತಿನ ಮಧ್ಯೆಯೇ ಅದು ಶುರುವಾದದ್ದು. ಮುದುಕ ಲಾರಿಯ ಕೆಳಗೆ ಮಲಗಿ ಬೋಲ್ಟು ಸಡಿಲಿಸುತ್ತಿದ್ದ. ಮೇಲೆ ಎಡಗಡೆಯ ಬಾಗಿಲಿನಲ್ಲಿ, ಟಣ್, ಟಣ್. ಆ ಇಂಜಿನ್ನಿನ ಪಕ್ಕ ಕೂತೂ ಕೂತೂ ಅವನ ಎಡಗಿವಿ ಕೆಟ್ಟೇ ಹೋಗಿತ್ತು. ಆದರೂ ಅವನಿಗೆ ಕೇಳಿಸಿದ್ದು ಆ ಕಿವಿಯಲ್ಲೇ. ತನ್ನ ಭ್ರಮೆ ಎಂದುಕೊಂಡು ಸುಮ್ಮನಾದ. ಇನ್ನೊಂದು ಸಲ ಹಾಗೇ ಆದಾಗ ತಮ್ಮನ ಮಗ ತಲೆಯೆತ್ತಿ, "ಯಾರದು?" ಎಂದ. ಶೆಡ್ಡಿನಲ್ಲಿ ಅವರಿಬ್ಬರ ಹೊರತು ಯಾರಿರಲಿಲ್ಲ.

"ತಗಡು ಬಿಸಿಲಿಗೆ ಹಿಗ್ಗಿರತ್ತೆ," ಎಂದು ತಾನೇ ಸಮಾಧಾನ ಹೇಳಿಕೊಂಡ ಮಗ, ಎದ್ದು ಆ ಬಾಗಿಲಿನ ಒಳಮೈ ಸವರಿದ. ಉಂಗುರದ ಏಟಿಗೆ ತಗ್ಗುಬಿದ್ದ ಸಣ್ಣ ಸಣ್ಣ ಗುಳಿಗಳು, ಸಿಡುಬಿನ ಕಲೆಯಂತೆ ಒತ್ತೊತ್ತಾಗಿದ್ದವು. "ಇದಕ್ಕೆ ಪುಟ್ಟಿ ತುಂಬಿ ಪೇಂಟ್ ಹೊಡೆದುಬಿಡ್ತೀನಿ."

"ಮುಟ್ಟಬೇಡ ಅದನ್ನ!" ಮುದುಕ ಕಿರುಚಿದ ರೀತಿಗೆ ಮಗನ ಕೈ ಜಾರಿತು.

ಇಂಜಿನ್ನು ಎದ್ದದ್ದು ಒಂದು ಮಧ್ಯಾಹ್ನ. ಡೀಸೆಲ್ ಪೈಪಿನ ಗಾಳಿ ತೆಗೆದು ಸ್ಟಾರ್ಟರ್ ಒತ್ತಿದರೆ, ಕೆಮ್ಮಿ, ಕರಿ ಹೊಗೆ ಉಗುಳಿ, ಓಡತೊಡಗಿತು. ಕ್ಯಾಬಿನ್ ಗಡಗಡ ನಡುಗಿತು. ಆಚೆ ಸೀಟಿನಲ್ಲಿ ಮಗ ಸಂತೋಷದಿಂದ ಏನೇನೋ ಕೂಗುತ್ತಿದ್ದ. ಬರೀ ಬಾಯಿ ತೆರೆದು ಮುಚ್ಚುತ್ತಿತ್ತು, ನೀರೊಳಗಿನ ಮೀನಿನ ಹಾಗೆ.

"ಬಾನೆಟ್ಟಿಗೆ ದಪ್ಪನೆ ಮೆತ್ತೆ ಹಾಕ್ಬೇಕು," ಎಂದ, ಇಂಜಿನ್ ಆರಿಸಿದೊಡನೆ. "ಸೈಲೆನ್ಸರೂ ಹೊಸದು ಹಾಕು. ಆಚೆ ಈಚೆ ಕೂತೋರು ಮಾತಾಡೋ ಹಾಗಿರ್ಬೇಕು."

"ಹಳೇ ಗಾಡಿ ಹಳೇ ಥರಾನೇ ಇರ್ಲಿ ಅಂತ ಪುಟ್ಟಿ ಹಾಕೋಕೂ ಬಿಡ್ಲಿಲ್ಲ ನೀವು!"

"ನಿಮ್ಮಮ್ಮ ಕೂರೋಳು. ಅವಳ ಕಿವಿ ಹಾಳಾಗೋದು ಬೇಡ."

ಮೆತ್ತೆ ಹೊಲಿಯುವವಳು ಬೇರೆ ಯಾರು? ಅವಳೇ. ಕೊರಳಿಗೆ ಅಳತೆಯ ಟೇಪು ಹಾಕಿಕೊಂಡು ಬಂದು, ಕ್ಯಾಬಿನ್ನಿಗೆ ತಲೆ ತೂರಿಸಿ, ಬಾನೆಟ್ಟಿನ ಉದ್ದಗಲ ಅಳೆದಳು. ಆಮೇಲೆ ಬೆರಳಿಂದ ಅಂಚನ್ನೆಲ್ಲ ತಡವಿ, ಎಂದಿನ ಹಾಗೆ ಮುದುಕನ ಬಲಗಿವಿಯ ಕಡೆ ಬಂದು ನಿಂತಳು.

"ಬಾವ, ಇದಕ್ಕೆ ಹಿಂದೆ ಯಾವತ್ತೂ ಏನೂ ಹೊದಿಸಿಲ್ಲ ಅನ್ಸತ್ತೆ. ಒಂದು ಕೊಕ್ಕೆ ಇಲ್ಲ, ಮೊಳೆ ಹೊಡೆದ ಗುರುತಿಲ್ಲ."

"ಆಗ... ಕಂಬಳಿ ಹಾಸ್ತಿದ್ವಿ. ಹಳೇ ಕಂಬಳಿ."

"ಹೂಂ," ಎಂದಳು. ಅಷ್ಟೇ. ಟೇಪನ್ನು ಬೆರಳಿಗೆ ನಿಧಾನವಾಗಿ ಸುತ್ತಿಕೊಳ್ಳುತ್ತ ಹೋದಳು. ಹಿಂದೆಯೇ, ಯಾರೂ ಮುಟ್ಟದ ಬಾಗಿಲಿನಲ್ಲಿ, ಟಣ್, ಟಣ್.

ಹೊರಡುವ ದಿನ ಅವಳು ಒಗೆದ ಸೀರೆಯುಟ್ಟು ಬರಿಗೈಯಲ್ಲಿ ಬಂದಳು.

"ಮೆತ್ತೆ ಎಲ್ಲಮ್ಮ?" ಮಗ ಕೇಳಿದ.

"ಹೊಲಿದಿಟ್ಟಿದೀನಿ, ಮಿಷಿನ್ ಮೇಲಿದೆ. ಇವತ್ತು ಬೇಡ. ನಿಮ್ಮಪ್ಪ ಹೇಗೆ ಕೂತಿದ್ರೋ ಹಾಗೇ ಕೂರ್ತೀನಿ. ನೀನು ಹೋಗಿ ಗೇಟು ತೆಗಿ."

ಅವಳಾಗಲೇ ಎಡಗಡೆಯ ಮೆಟ್ಟಿಲಿಗೆ ಕಾಲಿಟ್ಟಿದ್ದಳು. ಇನ್ನು ಮಾಡುವುದೇನೂ ಉಳಿದಿರಲಿಲ್ಲ. ಮುದುಕ ಹತ್ತಿ ಕೂತು ಸ್ಟಾರ್ಟರ್ ಒತ್ತಿದ.

ಹೊಸ ಸೈಲೆನ್ಸರಿನಿಂದ ಬೀದಿಗೆ ಉಪಕಾರವಾಗಿರಬಹುದು, ಕ್ಯಾಬಿನ್ನಿಗೆ ಏನೂ ಆಗಿರಲಿಲ್ಲ. ಅವಳು ಮೊದಲು ಬೆಚ್ಚಿದಳು. ಆಮೇಲೆ ಸಾವರಿಸಿಕೊಂಡು, ಮುಂದಿನ ಗಾಜನ್ನೇ ನೋಡುತ್ತ ಮಾತಾಡತೊಡಗಿದಳು. ಒಂದೆರಡು ಮಾತಲ್ಲ, ತುಂಬಾ ಹೊತ್ತು. ತುಟಿ ಅಲುಗುವುದು ಕಾಣುತ್ತಿತ್ತು, ಕುತ್ತಿಗೆಯ ನರ ಉಬ್ಬುವುದು ಕಾಣುತ್ತಿತ್ತು. ಒಂದಕ್ಷರ ಬಾನೆಟ್ಟು ದಾಟಿ ಬರಲಿಲ್ಲ. ಆಮೇಲೆ ಅವನತ್ತ ತಿರುಗಿ ಕಾದಳು.

ಹೂಂ ಎಂದು ತಲೆಯಾಡಿಸಬಹುದಿತ್ತು. ಅವನು ಇಂಜಿನ್ ಆರಿಸಿದ.

"ಕೇಳಿಸ್ತಾ ಬಾವ?"

"ಇಲ್ಲ."

"ಅವತ್ತು?"

ತಗಡು ಟಿಕ್ ಟಿಕ್ ಎಂದು ಆರುತ್ತಿತ್ತು. "ಅವತ್ತೂ ಇಲ್ಲಮ್ಮ. ಅವನು ಅಂದ ಮಾತಲ್ಲ ಅದು. ನಾನು ಕಟ್ಟಿದ್ದು."

ಅವಳು ಸೀರೆಯ ಸೆರಗನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಮತ್ತೆ ನಿಮಗೆ ಕೇಳಿಸಿದ್ದೇನು?"

"ಆ ಬಾಗಿಲಿಗೆ ಎರಡೇಟು. ಸೇತುವೆ ದಾಟಿದ ಮೇಲೆ. ಹೋಗು ಅಂತ. ಅಷ್ಟೇ ಕಣಮ್ಮ, ಬೇರೇನೂ ಇಲ್ಲ."

ಅವಳು ತಿರುಗಿ ಬಾಗಿಲ ಒಳಮೈ ನೋಡಿದಳು. ಗುಳಿಗಳ ಮೇಲೆ ಅಂಗೈ ಇಟ್ಟಳು.

"ಹಾಗಾದ್ರೆ ಸಿಟ್ಟಿತ್ತೋ ಇಲ್ವೋ, ಗೊತ್ತಿಲ್ಲ."

"ಗೊತ್ತಿಲ್ಲ."

"ಇಷ್ಟು ವರ್ಷ ಆ ಮಾತನ್ನ ದಿಂಬಿನ ಕೆಳಗೆ ಇಟ್ಟುಕೊಂಡ ಹಾಗೆ ಮಲಗಿದೀನಿ. ಇನ್ನು ಯಾವುದರ ಮೇಲೆ ತಲೆ ಇಡ್ಲಿ, ಹೇಳಿ?"

ಗೇಟಿನ ಬಳಿ ಮಗ ಎರಡೂ ಕೈ ಬೀಸುತ್ತಿದ್ದ, ಏನಾಯ್ತು ಎಂಬಂತೆ. ಮುದುಕ ಅಂದ: "ಈಗ ಏನೋ ಹೇಳಿದೆಯಲ್ಲಮ್ಮ, ಅಷ್ಟುದ್ದ..."

"ಅದು ನಿಮಗೆ ಹೇಳಿದ್ದಲ್ಲ ಬಾವ," ಎಂದಳು. ದನಿಯಲ್ಲಿ ಸಿಟ್ಟಿತ್ತು, ಮುಚ್ಚಿಡಲಿಲ್ಲ. "ಸ್ಟಾರ್ಟ್ ಮಾಡಿ."

ಇಂಜಿನ್ನು ಮತ್ತೆ ಎದ್ದಿತು. ಕ್ಲಚ್ ಒತ್ತಿ ಮೊದಲನೇ ಗೇರಿಗೆ ಹಾಕಿದ. ಕಾಲು ಮೇಲೇಳಲಿಲ್ಲ. ತಮ್ಮ ಹೋದ ಮೇಲೆ ಬೇರೆಯವರ ಲಾರಿಗಳನ್ನು ಯಾರ ಏಟಿಗೂ ಕಾಯದೆ ವರ್ಷಗಟ್ಟಲೆ ಓಡಿಸಿದ್ದವನು, ಇಲ್ಲಿ ಎರಡೇಟಿಗಾಗಿ ಕಾದು ಕೂತ. ಅವಳ ಅಂಗೈ ಗುಳಿಗಳ ಮೇಲೆ ಅಲುಗದೆ ಇತ್ತು; ಕಣ್ಣು ಮುಚ್ಚಿದ್ದಳು.

ಟಣ್, ಟಣ್.

ಕೆಟ್ಟ ಕಿವಿಯಲ್ಲಿ ಕೇಳಿಸಿತು, ಸೀಟಿನ ತಗಡಿನಿಂದ ಬೆನ್ನಿಗೆ ಹತ್ತಿತು. ಅವನು ಕ್ಲಚ್ಚಿನಿಂದ ಕಾಲು ಎತ್ತಿದ. ಮೊಂಡಮೂಗಿ ಒಮ್ಮೆ ಮುಗ್ಗರಿಸಿ ಗೇಟು ದಾಟಿತು. ದಾರಿಗೆ ಬಿದ್ದ ಮೇಲೆ ಮುದುಕ, ಎಡಗಡೆಗೆ ತಿರುಗದೆ, ಗಂಟಲು ಹರಿದುಕೊಂಡು, ತೂಕದ ಕಟ್ಟೆಯವನ ಮಾವ ತಕ್ಕಡಿಯ ಮೇಲೆ ನಿಂತ ಜಾಗದಿಂದ, ಅವತ್ತು ಅರ್ಧಕ್ಕೆ ಬಿಟ್ಟ ಕತೆಯನ್ನು ಮುಂದುವರಿಸಿದ.