ಹನ್ನೆರಡು ನಿಮಿಷದ ಪಾಳಿ

“ಹನ್ನೆರಡು ನಿಮಿಷದಾಗ ನನ್ನ ಮೊಣಕಾಲು ಬಿಸಿನ ಆಗೂದಿಲ್ರಿ ಅಕ್ಕಾರ. ಅಷ್ಟರಾಗ ಹೊರಗ ಬಾ ಅಂದ್ರ ಹೆಂಗ?” ಎಂದ ಚನಬಸಪ್ಪ.

“ಬಿಸಿ ಆದ ಮ್ಯಾಲೆ ಅದು ಬಾತ್ಕೊಂತೈತಿ. ಹೋದ ಸಲ ನಾನ ನೋಡೇನಿ. ಬಾತ್ಕೊಳ್ಳೂದರೊಳಗ ಹೊರಗ ಬರ್ರಿ,” ಎಂದರು ಶಿವಗಂಗವ್ವ ಅಕ್ಕೋರು.

ಅಕ್ಕೋರ ಕೈಯಲ್ಲಿ ನೋಟ್‌ಬುಕ್ಕಿನಿಂದ ಹರಿದ ಒಂದು ಹಾಳೆ ಇತ್ತು. ಸ್ಕೇಲಿಟ್ಟು ಗೆರೆ ಹೊಡೆದು, ಎಂಟು ಹೆಸರು ಬರೆದು, ಆಡುವವರ ಹೆಸರಿನ ಎದುರಿಗೆ ನಿಮಿಷ ಹಾಕಿದ್ದರು. ದ್ಯಾಮಪ್ಪ ಮೂವತ್ತೆರಡು, ಅಂದರೆ ಇಡೀ ಆಟ. ಸುಭಾಸ ಇಪ್ಪತ್ತು. ಚನಬಸಪ್ಪ ಹನ್ನೆರಡು. ಎಲ್ಲರ ಕೆಳಗೆ ಶಂಕ್ರಪ್ಪ, ನೀರು. ಶಂಕ್ರಪ್ಪ ಅಂದರೆ ನಾನು. ನನ್ನ ಎದುರಿಗೆ ನಿಮಿಷ ಇರಲಿಲ್ಲ, ಆದರೆ ಹೆಸರಿತ್ತು. ಅದು ದೊಡ್ಡದು.

ನಮ್ಮದು ದಾಂಡೇಲಿ ಕಾಗದ ಮಿಲ್ಲಿನ ಕಾಲೊನಿಯ ಹಿರಿಯರ ಬಾಸ್ಕೆಟ್‌ಬಾಲ್ ತಂಡ. ನಲವತ್ತೈದು ದಾಟಿದವರಿಗೆ ಮಾತ್ರ. ಎಂಟೂ ಜನರ ವಯಸ್ಸು ಕೂಡಿಸಿದರೆ ನಾಲ್ಕುನೂರಾ ಹನ್ನೆರಡಾಗುತ್ತದೆ. ಆ ವರ್ಷದ ಪಂದ್ಯಾವಳಿಗೆ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ, ಜೋಯಿಡಾ ಹತ್ತಿರದ ರಾಮನಗರ, ಹೀಗೆ ಐದು ತಂಡ ಬಂದಿದ್ದವು. ಮೊದಲ ನಾಲ್ಕು ತಂಡಕ್ಕೆ ನಾಕೌಟ್. ನಾವು ನಾಲ್ಕನೆಯವರು. ಮೂರು ಪಂದ್ಯ ಸೋತಿದ್ದೆವು. ರಾಮನಗರದವರಿಗೆ ಒಂದೇ ದಿನ ಐದು ಜನ ಬಿಡುವಾಗದೆ ಅವರು ಬರಲೇ ಇಲ್ಲವಾದ್ದರಿಂದ ಒಂದು ಗೆದ್ದಿದ್ದೆವು. ಆ ಪಂದ್ಯದಲ್ಲಿ ನಮ್ಮ ಡಿಫೆನ್ಸ್ ಚೆನ್ನಾಗಿತ್ತು ಎಂದು ದ್ಯಾಮಪ್ಪ ಈಗಲೂ ಹೇಳುತ್ತಾನೆ.

ಭಾನುವಾರ ಮುಂಡಗೋಡದಲ್ಲಿ ಅಲ್ಲಿಯವರ ಮೇಲೆಯೇ ನಾಕೌಟ್. ಅದಾಗಿ ಎರಡು ದಿನಕ್ಕೆ, ಮಂಗಳವಾರ ಮೂವತ್ತೊಂದನೇ ತಾರೀಕು, ಚನಬಸಪ್ಪನಿಗೆ ನಿವೃತ್ತಿ. ನಿವೃತ್ತನಾದವನು ಮಿಲ್ಲಿನ ತಂಡದಲ್ಲಿ ಆಡುವಂತಿಲ್ಲ. ಹುಡುಗರ ತಂಡವೂ ಸೇರಿ ಮಿಲ್ಲಿಗೆ ಮೂವತ್ತು ವರ್ಷ ಆಡಿದವನ ಕೊನೆಯ ಆಟ ಅದು. ಅದಕ್ಕೆ ಅಕ್ಕೋರು ಹನ್ನೆರಡು ನಿಮಿಷ ಕೊಟ್ಟಿದ್ದರು.

ಅಕ್ಕೋರು ಹಳಿಯಾಳದ ಹೈಸ್ಕೂಲಿನಲ್ಲಿ ಪಿಟಿ ಟೀಚರ್ ಆಗಿ ನಿವೃತ್ತರಾದವರು, ಈಗ ನಮ್ಮ ತಂಡದ ಕೋಚ್. ಸುಭಾಸ ಅವರ ಕೈಯಲ್ಲೇ ಕಲಿತವನು. ಐವತ್ತೆರಡರ ಸುಭಾಸನಿಗೆ ಅವರು ಇನ್ನೂ “ಉಗುರು ತೆಗದೀಯೇನ?” ಎಂದು ಕೇಳುತ್ತಾರೆ, ಅವನು ಕೈ ಮುಂದೆ ಮಾಡಿ ತೋರಿಸುತ್ತಾನೆ.

ಈ ಚನಬಸಪ್ಪ ಮತ್ತು ಸುಭಾಸನ ವಿಷಯ ಸ್ವಲ್ಪ ಹೇಳಬೇಕು. ಇಬ್ಬರೂ ಒಂದೇ ಪೇಪರ್ ಮಷಿನ್ನಿನ ಮೇಲೆ ಇರುವವರು, ಬೇರೆ ಬೇರೆ ಪಾಳಿಯಲ್ಲಿ. ಪಾಳಿ ವಾರಕ್ಕೊಮ್ಮೆ ತಿರುಗುತ್ತದೆ, ಆದರೆ ಸರದಿ ತಿರುಗುವುದಿಲ್ಲ. ಚನಬಸಪ್ಪ ಎದ್ದ ಜಾಗಕ್ಕೆ ಯಾವಾಗಲೂ ಸುಭಾಸ ಬರಬೇಕು. ಪಾಳಿ ಮುಗಿದ ಭೋಂಗಾ ಕೂಗಿತೆಂದು ಎದ್ದು ಹೋಗುವ ಹಾಗಿಲ್ಲ. ಬದಲಿಯವನು ಬಂದು ಮುಂದೆ ನಿಲ್ಲಬೇಕು, ಅವನಿಗೆ ಚಾರ್ಜ್ ಕೊಡಬೇಕು. ಯಾವ ರೋಲು ಬಿಸಿಯಾಗಿದೆ, ಕಾಗದ ಎಲ್ಲಿ ಹರಿಯುತ್ತಿದೆ, ಯಾವ ಸಪ್ಪಳ ಹೊಸದು, ಎಲ್ಲ ಹೇಳಬೇಕು. ಕೇಳಿದವನು “ಆತು” ಅನ್ನಬೇಕು. ಅಲ್ಲಿಯವರೆಗೆ ಮಷಿನ್ ಮೊದಲಿನವನದೇ. ಹೀಗೆ ಇಪ್ಪತ್ತೆರಡು ವರ್ಷ ಚನಬಸಪ್ಪ ಕೊಟ್ಟಿದ್ದಾನೆ, ಸುಭಾಸ ತೆಗೆದುಕೊಂಡಿದ್ದಾನೆ. ದಿನಕ್ಕೆ ಹತ್ತು ನಿಮಿಷ. ಇಬ್ಬರ ಗೆಳೆತನವೆಲ್ಲ ಆ ಹತ್ತು ನಿಮಿಷದಲ್ಲೇ ಆದದ್ದು. ಇಬ್ಬರಿಗೂ ಒಟ್ಟಿಗೆ ಸಂಜೆ ಬಿಡುವಾಗುವುದು ಮೂರು ವಾರಕ್ಕೊಮ್ಮೆ. ಆದ್ದರಿಂದ ನಮ್ಮ ತಂಡದ ಪೂರ್ತಿ ಅಭ್ಯಾಸವೂ ಮೂರು ವಾರಕ್ಕೊಮ್ಮೆ.

ಮೈದಾನದಲ್ಲೂ ಅದೇ ಕಥೆ. ಇಬ್ಬರದೂ ಒಂದೇ ಜಾಗ, ಒಬ್ಬ ಹೊರಗೆ ಬಂದರೆ ಇನ್ನೊಬ್ಬ ಒಳಗೆ. ಹಳಿಯಾಳದ ಮೇಲಿನ ಪಂದ್ಯದಲ್ಲಿ ಬದಲಿಯ ಹಾರ್ನ್ ಆಯಿತು. ಚನಬಸಪ್ಪ ಗೆರೆಯ ಹತ್ತಿರ ಬಂದು ಸುಭಾಸನ ಭುಜ ಹಿಡಿದು ನಿಂತ. “ಏಳು ನಂಬರಿನವ ಬಲಕ್ಕ ಹೊಳ್ಳತಾನ. ಆ ಕಡೆ ರಿಂಗು ಸಡ್ಲ ಐತಿ, ಬಾಲು ಪುಟೀತೈತಿ. ದ್ಯಾಮಪ್ಪಗ ಹೊಟ್ಟಿ ಸರಿ ಇಲ್ಲ, ಪಾಸು ಮೆತ್ತಗ ಕೊಡು...” ಸುಭಾಸ ಒಂದೊಂದಕ್ಕೂ ಗೋಣು ಹಾಕುತ್ತಿದ್ದ. ಅಂಪೈರ್ ಮೊದಲ ಸಲ ಎಚ್ಚರಿಕೆ ಕೊಟ್ಟ. ಎರಡನೆಯ ಸಲವೂ ಹಾಗೇ ಆದಾಗ ಟೆಕ್ನಿಕಲ್ ಫೌಲ್ ಕೊಟ್ಟ, ಹಳಿಯಾಳಕ್ಕೆ ಒಂದು ಫ್ರೀ ಥ್ರೋ. ನಾವು ಸೋತದ್ದು ಒಂದೇ ಅಂಕದಿಂದ.

ಹೀಗಾಗಿ ಗುರುವಾರ ಸಂಜೆ ಅಕ್ಕೋರು ಬಾಲು ಹೊರಗೆ ತೆಗೆಯಲೇ ಇಲ್ಲ.

“ಇವತ್ತ ಬದಲಿ ಒಂದ ಪ್ರಾಕ್ಟೀಸ್,” ಎಂದರು. “ಶಂಕ್ರಪ್ಪ, ಗಡಿಯಾರ ಹಿಡಿ. ಚನಬಸಪ್ಪಾರ, ಒಳಗ ಹೋಗ್ರಿ. ಹಾರ್ನ್ ಅಂದ ಕೂಡ್ಲೆ ಓಡಿ ಬಂದು ಕೈ ಮುಟ್ಟಿಸಿ ಕುಂದರ್ರಿ. ಬಾಯಿ ತಗೀಬ್ಯಾಡ್ರಿ.”

ಮೊದಲ ಸಲ ಮೂವತ್ತೆಂಟು ಸೆಕೆಂಡು.

“ಏನ್ ಹೇಳ್ತಿದ್ರಿ ಅಷ್ಟ್ ಹೊತ್ತು? ಮೈದಾನದಾಗ ಯಾರೂ ಇಲ್ಲಲ್ಲ?”

“ಯಾರೂ ಇಲ್ಲ ಅಂತನ ಹೇಳಿದ್ನಿರಿ,” ಎಂದ ಚನಬಸಪ್ಪ.

ಹದಿನೆಂಟು ಸಲ ಮಾಡಿಸಿದರು. ಇಪ್ಪತ್ತೈದಕ್ಕೆ ಬಂತು, ಹನ್ನೊಂದಕ್ಕೆ ಬಂತು, ಆಮೇಲೆ ಆರರ ಕೆಳಗೆ ಇಳಿಯಲಿಲ್ಲ. ಬಾಯ್ಲರಿನವನಾದ ದ್ಯಾಮಪ್ಪ ಆರಡಿ ಎರಡಿಂಚು ಇದ್ದಾನೆ. ಹಿಂದಿನ ದಿನವೇ ಹಲ್ಲು ಕೀಳಿಸಿಕೊಂಡು ಬಂದು ಕಂಬಕ್ಕೆ ಒರಗಿ ನೋಡುತ್ತಿದ್ದ. “ಅಕ್ಕಾರ, ಇದನ್ನ ಬಾಸ್ಕೆಟ್‌ಬಾಲ್ ಅಂತಾರೇನ್ರಿ?” ಎಂದು ಬಾಯೊಳಗಿನ ಹತ್ತಿಯ ಸಂದಿಯಿಂದ ಕೇಳಿದ. ಅಕ್ಕೋರು ಅವನಿಗೆ ಬಾಯಿ ಮುಚ್ಚಲು ಹೇಳಿದರು. ಡಾಕ್ಟರರೂ ಅದನ್ನೇ ಹೇಳಿದ್ದರು.

“ಇಪ್ಪತ್ತೆರಡು ವರ್ಷದ ಚಟಾರೀ,” ಎಂದ ಚನಬಸಪ್ಪ, ಬೆವರು ಒರೆಸಿಕೊಳ್ಳುತ್ತ. “ಹೇಳದ ಬಂದ್ರ ಹಿಂದ ಏನರ ಬಿಟ್ಟ ಬಂದೇನಿ ಅನಸ್ತೈತಿ.”

“ಇಲ್ಲಿ ಬಿಟ್ಟ ಬಂದ್ರ ಏನೂ ಹಾಳಾಗೂದಿಲ್ಲ. ಹೊರಗ ಬರಬಹುದು, ಮತ್ತ ಒಳಗ ಹೋಗಬಹುದು. ಎಷ್ಟ್ ಸಲ ಬೇಕಾದ್ರೂ.”

“ಮಿಲ್ಲಿನ್ಯಾಗ ಹಂಗಿಲ್ರಿ. ಮಂಗಳವಾರ ಚಾರ್ಜ್ ಕೊಟ್ರ ಮುಗೀತು,” ಎಂದ ಚನಬಸಪ್ಪ. ಆಮೇಲೆ ದನಿ ತಗ್ಗಿಸಿ, “ಅಕ್ಕಾರ, ಹನ್ನೆರಡ ಕೊಡ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ಕಡೀ ಎರಡು ನಿಮಿಷ ನನಗ ಇರಲಿ. ಕಡೀ ಹಾರ್ನ್ ಆದಾಗ ನಾ ಒಳಗ ಇರಬೇಕು. ಇಷ್ಟ.”

ಅಕ್ಕೋರು ಹಾಳೆ ನೋಡಿದರು. ಎಂಟು ನಿಮಿಷದ ನಾಲ್ಕು ಭಾಗ. ಪ್ರತಿ ಭಾಗದ ಮೊದಲ ಮೂರು ಚನಬಸಪ್ಪನಿಗೆ, ಉಳಿದ ಐದು ಸುಭಾಸನಿಗೆ.

“ಕಡೀ ಎರಡು ನಿಮಿಷ ಯಾರಿಗೆ ಉಸಿರು ಉಳದಿರ್ತೈತಿ ಅವರಿಗೆ,” ಎಂದರು. “ಅದು ನೀವಲ್ಲ. ಬ್ಯಾಸರ ಮಾಡ್ಕೋಬ್ಯಾಡ್ರಿ.”

“ಇಲ್ರಿ. ನಾ ಯಾಕ ಬ್ಯಾಸರ ಮಾಡ್ಕೊಳ್ಳಿ,” ಎಂದು ಚನಬಸಪ್ಪ ಬೂಟಿನ ಲಾಡಿ ಬಿಚ್ಚಿದ. ಮತ್ತೆ ಕಟ್ಟಿದ. ಸುಭಾಸ ಇದನ್ನೆಲ್ಲ ನೋಡುತ್ತ ತನ್ನ ಉಗುರು ನೋಡಿಕೊಂಡ.

ಭಾನುವಾರದ ಪಂದ್ಯ ನಾವು ಸೋತೆವು. ಅದನ್ನು ಈಗಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಸುಮ್ಮನೆ ಆಸೆ ಇಟ್ಟುಕೊಂಡು ಓದುತ್ತೀರಿ.

ನಸುಕಿನಲ್ಲೇ ಡ್ರೈವರ್ ಜ್ಯೋತಿಬಾನ ಟೆಂಪೋದಲ್ಲಿ ಹೊರಟೆವು. ಹಳಿಯಾಳದಲ್ಲಿ ಅಕ್ಕೋರು ಹತ್ತಿದರು. ಚನಬಸಪ್ಪನ ಹೆಂಡತಿ ಮಾಲವ್ವ ಬುತ್ತಿ ಕಳಿಸಿದ್ದಳು: ರೊಟ್ಟಿ, ಶೇಂಗಾ ಚಟ್ನಿ, ಹತ್ತು ಜನಕ್ಕೆ ಮೂವತ್ತು ಮಿರ್ಚಿ ಭಜಿ. ಆಟ ಮುಗಿಯುವವರೆಗೆ ಭಜಿ ಮುಟ್ಟಕೂಡದೆಂದು ಅಕ್ಕೋರು ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಮುಂಡಗೋಡ ಮುಟ್ಟುವ ಹೊತ್ತಿಗೆ ಇಪ್ಪತ್ತೆರಡು ಉಳಿದಿದ್ದವು. ಯಾರು ತಿಂದರೆಂದು ಅವರು ಕೇಳಲಿಲ್ಲ, ನಾವೂ ಅವರನ್ನು ಕೇಳಲಿಲ್ಲ.

ಮೊದಲ ಭಾಗ. ಮೂರು ನಿಮಿಷಕ್ಕೆ ಏಳು–ಸೊನ್ನೆ, ಮುಂಡಗೋಡ ಮುಂದೆ. ಹಾರ್ನ್ ಆಯಿತು. ಚನಬಸಪ್ಪ ಓಡಿ ಬಂದ, ಸುಭಾಸನ ಕೈ ಮುಟ್ಟಿದ, ಒಂದು ಮಾತೂ ಆಡದೆ ಹೋಗಿ ಬೆಂಚಿನ ಮೇಲೆ ಕುಳಿತ. ಒಂದೂವರೆ ಸೆಕೆಂಡು. ಅಕ್ಕೋರು ಹೆಮ್ಮೆಯಿಂದ ನನ್ನ ಕಡೆ ನೋಡಿದರು.

ಸುಭಾಸ ಮಾತ್ರ ಗೆರೆಯ ಮೇಲೇ ನಿಂತಿದ್ದ.

“ಏನ್ ಐತಿ ಚನಬಸಣ್ಣ? ಏನೂ ಹೇಳಲೇ ಇಲ್ಲ?”

“ಹೋಗೋ ಒಳಗ!” ಎಂದು ಅಕ್ಕೋರು ಕೂಗಿದರು.

“ಹೋಕ್ಕೇನ್ರಿ. ಏನ್ ಐತಿ ಅಂತರ ಹೇಳಲಿ.”

ಅಂಪೈರ್ ಸೀಟಿ ಊದಿ ಎಚ್ಚರಿಕೆ ಕೊಟ್ಟ. ಇನ್ನೊಂದು ಸಲ ಹೀಗಾದರೆ ಟೆಕ್ನಿಕಲ್ ಎಂದು ಬೆರಳು ತೋರಿಸಿದ. ಚನಬಸಪ್ಪ ಬೆಂಚಿನಿಂದಲೇ, ಮಿಲ್ಲಿನ ಲಾಗ್‌ಬುಕ್ಕಿನಲ್ಲಿ ದಿನಾ ಬರೆಯುವ ಮಾತನ್ನೇ ಹೇಳಿದ: “ಎಲ್ಲಾ ನಾರ್ಮಲ್ ಐತಿ. ಹೋಗು.”

“ಆತು,” ಎಂದು ಸುಭಾಸ ಒಳಗೆ ಹೋದ.

ಅಲ್ಲಿಂದ ಮುಂದೆ ಸುರಳೀತ. ಚನಬಸಪ್ಪ ಹೊರಗೆ ಬರುತ್ತ “ನಾರ್ಮಲ್” ಅನ್ನುತ್ತಿದ್ದ, ಸುಭಾಸ ಒಳಗೆ ಹೋಗುತ್ತ “ಆತು” ಅನ್ನುತ್ತಿದ್ದ. ಎರಡು ಸೆಕೆಂಡು. ಆಟವೂ ಒಂದು ಹದಕ್ಕೆ ಬಂತು. ದ್ಯಾಮಪ್ಪ ಬಾಯಿ ಮುಚ್ಚಿಕೊಂಡು ಹದಿನಾರು ಅಂಕ ಹಾಕಿದ. ಕೊನೆಯ ಭಾಗದ ಮೂರು ನಿಮಿಷಕ್ಕೆ ಚನಬಸಪ್ಪ ಹೊರಗೆ ಬಂದಾಗ ಮೂವತ್ತಾರು–ಮೂವತ್ತಮೂರು, ಮುಂಡಗೋಡ ಮುಂದೆ. ಅವನು “ನಾರ್ಮಲ್” ಎಂದ, ಬೆಂಚಿಗೆ ಬಂದ, ಟವೆಲ್ ಕುತ್ತಿಗೆಗೆ ಹಾಕಿಕೊಂಡ, ಎಡಗಾಲಿನ ಬೂಟು ಬಿಚ್ಚಿ ಪಕ್ಕಕ್ಕಿಟ್ಟ. ಮೊಣಕಾಲು ಆಗಲೇ ಸ್ವಲ್ಪ ಬಾತಿತ್ತು. ನಾನು ನೀರಿನ ಬಾಟಲಿ ಕೊಟ್ಟೆ. ಅವನು ಬೇಡವೆಂದು ದೂಡಿದ. ಬಾಟಲಿ ನನ್ನ ಕೈ ಜಾರಿ ಅಂಗಳದ ಎಡಮೂಲೆಗೆ ಉರುಳಿ ಅರ್ಧ ನೀರು ಚೆಲ್ಲಿತು. ಆಟ ಆ ಕಡೆ ರಿಂಗಿನಲ್ಲಿದ್ದುದರಿಂದ ಯಾರೂ ನೋಡಲಿಲ್ಲ ಎಂದುಕೊಂಡು ಬಾಟಲಿ ಎತ್ತಿಕೊಂಡೆ.

ಎರಡು ನಿಮಿಷ ಚಿಲ್ಲರೆ ಉಳಿದಿತ್ತು. ಮೂವತ್ತೆಂಟು–ಮೂವತ್ತೈದು. ಸುಭಾಸ ಓಡುತ್ತಲೇ ಅಕ್ಕೋರ ಕಡೆ ಕೈ ಎತ್ತಿ ಬೀಸತೊಡಗಿದ.

“ಏನಾತೋ?”

“ಉಸಿರು ಹತ್ತೇತ್ರಿ ಅಕ್ಕಾರ! ಬದ್ಲಿ ಕೊಡ್ರಿ!”

ಇದನ್ನು ಅವನು ಅಂಗಳದ ಆ ತುದಿಯಿಂದ ಈ ತುದಿಗೆ ಕೇಳುವ ಹಾಗೆ ಕೂಗಿ ಹೇಳಿದ. ಅಷ್ಟು ಉಸಿರು ನಮ್ಮ ತಂಡದಲ್ಲಿ ಬೇರೆ ಯಾರಿಗೂ ಉಳಿದಿರಲಿಲ್ಲ.

ಅಕ್ಕೋರು ಹಾಳೆ ನೋಡಿದರು. ಸುಭಾಸನನ್ನು ನೋಡಿದರು. ಆಮೇಲೆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಭಜಿ ಡಬ್ಬಿಯ ಕೆಳಗೆ ಇಟ್ಟರು.

“ಚನಬಸಪ್ಪಾರ, ಬೂಟ್ ಹಾಕ್ಕೋರಿ.”

ಬಾಲು ಹೊರಗೆ ಹೋಗುವಷ್ಟರಲ್ಲಿ ಅವನು ಲಾಡಿ ಕಟ್ಟಿಯಾಗಿತ್ತು. ಹಾರ್ನ್ ಆಯಿತು. ಸುಭಾಸ ಗೆರೆಗೆ ಬಂದ. ಕೈ ಮುಟ್ಟಿಸಿ ಒಳಗೆ ಹೋಗಲು ಹೊರಟ ಚನಬಸಪ್ಪನ ಭುಜ ಹಿಡಿದು ನಿಲ್ಲಿಸಿದ.

“ನಿಂದ್ರು ಚನಬಸಣ್ಣ. ಚಾರ್ಜ್ ತಗೋ. ನಾಕು ನಂಬರಿನವ, ಸನವಳ್ಳಿ ವೀರೇಶ, ಈಗ ಎಡಗೈಲೆ ಹೊಡ್ಯಾಕ ಹತ್ಯಾನ.”

“ಹೂಂ.”

“ದ್ಯಾಮಪ್ಪಗ ಹಲ್ಲಿನ ಜಾಗದಾಗ ರಕ್ತ ಬಂದೈತಿ. ಹೇಳೂದಿಲ್ಲ ಅವ. ಮ್ಯಾಲೆ ಬಾಲು ಒಗೀಬ್ಯಾಡ.”

“ಹೂಂ.”

“ಸುಭಾಸ!” ಎಂದರು ಅಕ್ಕೋರು. ಜೋರಾಗಿ ಹೇಳಲಿಲ್ಲ. ಅಂಪೈರ್ ಕೈಗಡಿಯಾರ ನೋಡುತ್ತಿದ್ದ.

“ಎಡಮೂಲ್ಯಾಗ ಶಂಕ್ರಪ್ಪ ನೀರು ಚೆಲ್ಯಾನ. ಜಾರ್ತೈತಿ. ನಿನ್ನ ಮೊಣಕಾಲು ನೋಡ್ಕೋ.”

ಸೀಟಿ ಕೇಳಿಸಿತು. ಅಂಪೈರ್ ಒಂದು ಅಂಗೈಯ ಮೇಲೆ ಇನ್ನೊಂದು ಕೈಯ ಬೆರಳ ತುದಿ ನೆಟ್ಟು ಟೆಕ್ನಿಕಲ್ ತೋರಿಸಿದ.

“ಮತ್ತೇನರ ಐತೇನು?” ಎಂದು ಕೇಳಿದ ಚನಬಸಪ್ಪ.

“ಇಷ್ಟ.”

“ಆತು,” ಎಂದ ಚನಬಸಪ್ಪ.

ಮುಂಡಗೋಡದವರು ಫ್ರೀ ಥ್ರೋ ಹಾಕಿದರು. ಬಾಲು ಬಲೆಯಲ್ಲಿ ಇಳಿಯಿತು, ಮೂವತ್ತೊಂಬತ್ತಾಯಿತು. ಎಲ್ಲರೂ ಆ ಕಡೆ ನೋಡುತ್ತಿರುವಾಗ ಚನಬಸಪ್ಪ ಎಡಮೂಲೆಗೆ ಹೋಗಿ, ಕುತ್ತಿಗೆಯಲ್ಲೇ ಉಳಿದಿದ್ದ ಟವೆಲ್ ತೆಗೆದು ನೆಲಕ್ಕೆ ಹಾಕಿ, ಬೂಟಿನಿಂದ ಅದನ್ನು ಆ ಕಡೆ ಈ ಕಡೆ ಎಳೆದು ನೀರು ಒರೆಸಿದ.